ಎರಡಂಗುಲ

ಒಂಟಿಕೊಪ್ಪಲಿನಲ್ಲಿ, ಹಿಟ್ಟಿನ ಗಿರಣಿ ದಾಟಿ ಮೂರನೇ ಮನೆ.
ಬಾಗಿಲ ಮೇಲೆ ಬೋರ್ಡು:
ಭೂಮಾಪಕರ ರಾಷ್ಟ್ರೀಯ ಸಂಸ್ಥೆ, ಮೈಸೂರು ಶಾಖೆ.
'ರಾಷ್ಟ್ರೀಯ'ದ ಒತ್ತು ಉದುರಿ ವರ್ಷವಾಯಿತು.
ಒಳಗೆ ಎರಡು ಬೆಂಚು, ಒಂದು ಕಪಾಟು,
ದಿಲ್ಲಿಯಿಂದ ಬಂದ ಕ್ಯಾಲೆಂಡರು.
ಅದರಲ್ಲಿ ಮಾರ್ನಮಿ ಇಲ್ಲವೆಂದು
ಯಾರೋ ಪೆನ್ಸಿಲಿನಲ್ಲಿ ಗೀಚಿದ್ದಾರೆ.

ಚಂದಾ ವರ್ಷಕ್ಕೆ ಇಪ್ಪತ್ತೈದು ರೂಪಾಯಿ.
ಕೊಟ್ಟು ಏನು ಸಿಗುತ್ತದೆ ಎಂದು
ಮಂಡ್ಯದ ನಮ್ಮ ಕಚೇರಿಯಲ್ಲಿ ನಗುತ್ತಾರೆ.
ವರ್ಗಾವಣೆ ತಪ್ಪಿಸುವುದಿಲ್ಲ, ಭತ್ಯೆ ಏರಿಸುವುದಿಲ್ಲ.
ಬಾಂದು ಕಲ್ಲು ಕಿತ್ತವನಿಂದ ಏಟು ತಿಂದು ಬಂದರೆ
ವಿಷಾದದ ಒಂದು ನಿರ್ಣಯ,
ಅದೂ ಮುಂದಿನ ಸಭೆಯಲ್ಲಿ, ಕೋರಂ ಇದ್ದರೆ.

ಆದರೆ ಹಿತ್ತಿಲಲ್ಲಿ, ಸೀಬೆ ಮರದ ಪಕ್ಕ,
ಕಲ್ಲುಹಾಸಿನ ಮೇಲೆ ಎರಡು ಹಿತ್ತಾಳೆ ಮೊಳೆ.
ನಡುವೆ ಮೂವತ್ತಮೂರು ಅಡಿ. ಹದಿನಾರಾಣೆ.
ದಿಲ್ಲಿಯವರೇ ಬಂದು, ಮೂರು ದಿನ ಬಿಸಿಲು ನೋಡಿ,
ಹೊಡೆದು ಹೋದ ಮೊಳೆ.

ಚಂದಾ ಕಟ್ಟಲು ಹೋದವನು ನಾನು.
ಚಿಕ್ಕಬೋರ ಹೆಗಲ ಮೇಲಿನ ಸರಪಳಿ ಇಳಿಸಿ
ಬೀಡಿಗೆ ಕಡ್ಡಿ ಹುಡುಕುತ್ತಿದ್ದ.
ವಾಜಿದ್ ಸಾಹೇಬರು ಕನ್ನಡಕದ ಮೇಲಿಂದ ನೋಡಿ
"ತಂದಿದ್ದೀರಲ್ಲ, ಹಾಸಿ" ಅಂದರು.

ಹಾಸಿದೆವು.
ಒಂದು ಹಿಡಿ ಈ ಮೊಳೆಗೆ.
ಇನ್ನೊಂದು ಹಿಡಿ
ಆ ಮೊಳೆ ದಾಟಿ ಎರಡಂಗುಲ ಆಚೆ.

ಚಪ್ಪಲಿ ಸವೆದರೆ ತೆಳ್ಳಗಾಗುತ್ತದೆ,
ಕುಡುಗೋಲು ಸವೆದರೆ ಗಿಡ್ಡ.
ಸರಪಳಿಯೊಂದೇ ಸವೆದಷ್ಟೂ ಬೆಳೆಯುವುದು:
ಬಳೆ ಬಳೆಯನ್ನು ತಿಂದು
ಕಣ್ಣಿಗೆ ಕಾಣದಂತೆ ಸಡಿಲ.
ಅದು ಬೆಳೆದಷ್ಟೂ ಹೊಲ ಕುಗ್ಗುತ್ತದೆ, ಕಾಗದದಲ್ಲಿ.
ನೂರು ಗುಂಟೆಗೆ ಒಂದು ಗುಂಟೆ.

ಲೆಕ್ಕ ಅಲ್ಲಿಗೇ ಬಂದು ನಿಂತಿತು.
ಚಿನಕುರಳಿಯ ಕೆಂಪಾಜಮ್ಮ.
ಹೊಸ ನಾಲೆಗೆಂದು ಅವಳ ರಾಗಿ ಹೊಲ ಅಳೆದ ದಿನ
ಸೆರಗಿನ ಗಂಟಿನಿಂದ ಹಳೇ ಟಿಪ್ಪಣಿ ಬಿಚ್ಚಿ
"ಎಲ್ಡೆಕ್ರೆ ಇಪ್ಪತ್ ಗುಂಟೆ ಕನಪ್ಪ,
ನಮ್ಮತ್ತೆ ಕಾಲದಿಂದ್ಲೂವೆ" ಅಂದಿದ್ದಳು.
ಹಳಬರ ಅಳತೆ ಹಾಗೇ ಅಜ್ಜಿ, ಅಂದಾಜು,
ಎಂದವನು ನಾನು. ನಗುತ್ತ, ನೆರಳಲ್ಲಿ ನಿಂತು.
ಎರಡು ಎಕರೆ ಹತ್ತೊಂಬತ್ತು, ಎಂದು ಬರೆದೆ.
ಪರಿಹಾರವೂ ಹತ್ತೊಂಬತ್ತಕ್ಕೇ ಬಂತು.
ಉಳಿದ ಗುಂಟೆಯ ಮೇಲೆ ಆರು ವರ್ಷದಿಂದ
ನೀರು ಹರಿಯುತ್ತಿದೆ, ಪುಕ್ಕಟೆ.

ವಾಜಿದ್ ಸಾಹೇಬರು ಬೈಯಲಿಲ್ಲ.
ಕಪಾಟಿನಿಂದ ದೂರಿನ ದಫ್ತರ ತೆಗೆದರು:
ದೂರು ಕೊಟ್ಟವರು, ಯಾರ ಮೇಲೆ, ಸಾರಾಂಶ.
ಎರಡು ಕಲಮಿನಲ್ಲೂ ನನ್ನದೇ ಹೆಸರು ಬರೆದೆ.
ಶಾಯಿ ಆರಲೆಂದು ಅವರು ಊದಿದರು,
ಮಗುವಿನ ಗಾಯಕ್ಕೆ ಊದುವ ಹಾಗೆ.

ದಿಲ್ಲಿಯಿಂದ ಉತ್ತರ ಎಂಟು ತಿಂಗಳಿಗೆ:
ತಮ್ಮ ಪತ್ರ ತಲುಪಿದೆ.
ಇದನ್ನು ಯಾವ ಶೀರ್ಷಿಕೆಯಡಿ ಇಡಬೇಕೆಂಬುದು ಪರಿಶೀಲನೆಯಲ್ಲಿದೆ.
ಅಷ್ಟರವರೆಗೆ ಬಾಧಿತರೆಲ್ಲರಿಗೂ ತಾವೇ ತಿಳಿಸತಕ್ಕದ್ದು.

'ತಾವೇ' ಎಂಬುದರ ಕೆಳಗೆ ಒಂದು ಗೆರೆ.
ಸಹಿ ಓದಲಾಗಲಿಲ್ಲ.
ಆ ಗೆರೆ ಎಳೆದವನ ಮುಖ ಮಾತ್ರ
ನೋಡಬೇಕೆನಿಸುತ್ತದೆ ಒಮ್ಮೊಮ್ಮೆ.

ಇನ್ನೂರ ಹನ್ನೆರಡು ಹೊಲ. ಪಟ್ಟಿ ಜೇಬಿನಲ್ಲಿದೆ.
ಭಾನುವಾರ ಸೈಕಲ್ಲಿನಲ್ಲಿ ನಾವಿಬ್ಬರೂ.
ಕೆಲವರು ಕಾಫಿ ಕೊಡುತ್ತಾರೆ,
ಒಬ್ಬ ನಾಯಿ ಬಿಟ್ಟ.
ಕೆಂಪಾಜಮ್ಮ ಪೂರ್ತಿ ಕೇಳಿ, ಎಲೆ ಉಗಿದು,
"ಬರಕೊಡು ಅದ್ನೇಯ" ಅಂದಳು.
ಬರೆದುಕೊಟ್ಟೆ. ಗಂಟು ಹಾಕಿಕೊಂಡಳು.
ಅರ್ಜಿ ಈಗ ತಾಲ್ಲೂಕು ಕಚೇರಿಯಲ್ಲಿ ಮಲಗಿದೆ.

ಬರುವಾಗ ನಾಲೆ ಏರಿಯ ಮೇಲೆ
ಚಿಕ್ಕಬೋರ ಇದ್ದಕ್ಕಿದ್ದಂತೆ ಸೈಕಲ್ಲಿಂದ ಇಳಿದ.
"ಸ್ವಾಮಿ, ನಾನ್ ಜೋರಾಗ್ ಎಳೀತಿದ್ನಲ್ಲ,
ಅದ್ಕೇಯಾ ಅದು ಉದ್ದಾದ್ದು?"

ಹದಿನಾಲ್ಕು ವರ್ಷ ಆ ತುದಿ ಹಿಡಿದವನು.
ಅವನ ಹೆಸರು ಯಾವ ಸಂಸ್ಥೆಯ ಪುಸ್ತಕದಲ್ಲೂ ಇಲ್ಲ.

ಇಲ್ಲ ಕಣಯ್ಯ, ಅಂದೆ.
ಎರಡಂಗುಲದಷ್ಟು ಸುಳ್ಳು.